ಕಾಯಿ ಆಕೆಯದು, ಮರ ಆಕೆಯದಲ್ಲ

ಗೋವಾದ ಕಲಂಗುಟಿನ ನಮ್ಮ ಮನೆಯ ಗೋಡೆಗಳಿಗೆ ಕಲ್ಲು ಹೊತ್ತವಳು ಅವ್ವ. ಹಗಲೆಲ್ಲ ಬೀಚಿನಲ್ಲಿ ಕನ್ನಡಿ ಕಸೂತಿಯ ಚೀಲ ಮಾರುವುದು, ಸಂಜೆ ಗೌಂಡಿಯ ಕೈಗೆ ಕೆಂಪುಕಲ್ಲು ಕೊಡುವುದು. ವಿಜಾಪುರದ ಕಡೆಯಿಂದ ಬಂದ ನಮಗೆ ತನ್ನ ತೆಂಗಿನ ತೋಟದ ಹಿಂಭಾಗದಲ್ಲಿ ಆ ಜಾಗ ಕೊಟ್ಟವಳು ಒಬ್ಬ ವಯಸ್ಸಾದ ವಿಧವೆ. ನಾವು ಆಕೆಯನ್ನು ಮಾಯಿ ಎನ್ನುತ್ತಿದ್ದೆವು. ಮಾಯಿ ಸ್ಟ್ಯಾಂಪ್ ಪೇಪರಿನ ಮೇಲೆ ಸಹಿ ಹಾಕಿಕೊಟ್ಟಳು, ಅವ್ವ ಅದನ್ನು ಟ್ರಂಕಿನಲ್ಲಿಟ್ಟಳು. ಕಾಯಿ ಕೀಳಿಸುವವಳು ಮಾಯಿ, ಕಂದಾಯ ಕಟ್ಟುವವಳು ಮಾಯಿ. ನಮ್ಮೂರಲ್ಲಾದರೆ ಫಸಲು ಒಯ್ದು ಕಂದಾಯ ಕಟ್ಟುವವರೇ ಹೊಲದ ಯಜಮಾನರು. ಬೇರೆ ಯಾರನ್ನು ಕೇಳಬೇಕಿತ್ತು?

ತೊಂಬತ್ತರ ದಶಕದ ಮೊದಲಲ್ಲಿ ಸುತ್ತಲೂ ಹೋಟೆಲುಗಳು ಏಳತೊಡಗಿದವು. ಆಗ ಮಾಯಿಯ ಮೈದುನನ ಮಗ ಮುಂಬೈಯಿಂದ ಬಂದು ಟೇಪು ಹಿಡಿದು ತೋಟ ಅಳೆದ. ನಮ್ಮ ಹೊಸ್ತಿಲಿನ ಮೇಲೂ ಟೇಪು ಎಳೆದ, ಕಾಲು ತೆಗೆಯಿರಿ ಎಂದು ನನಗೆ ಕೈಸನ್ನೆ ಬೇರೆ! ಅವ್ವ ಕಾಗದ ಎತ್ತಿಕೊಂಡು ಮಾಪ್ಸಾದ ವಕೀಲರೊಬ್ಬರ ಬಳಿಗೆ ಓಡಿದಳು. ಬೆಳಗಾವಿ ಕಡೆಯವರು. ನನಗಾಗ ಹದಿನೆಂಟು, ಜೊತೆಗೆ ಹೋಗಿದ್ದೆ.

"ಕಾಯಿ ಆಕಿವು ತಂಗಿ, ಗಿಡ ಆಕಿದಲ್ಲ," ಎಂದರು ವಕೀಲರು.

ಮಾಯಿಯ ಮಾವ ಸಾಯುವ ಮುಂಚೆ ಬರೆದಿಟ್ಟಿದ್ದನಂತೆ. ವಿಧವೆ ಸೊಸೆ ಬದುಕಿರುವವರೆಗೆ ಅಲ್ಲಿ ವಾಸವಿದ್ದು ಫಲ ತಿನ್ನಬಹುದು, ಆದರೆ ಒಡೆತನ ಮೊಮ್ಮಗನದು, ಅಂದರೆ ಟೇಪು ಹಿಡಿದು ಬಂದವನದು.

"ಆಕಿ ಜೀವಾ ಇರೋತನಕ ನಿಮ್ಮನ್ನ ಯಾರೂ ಎಬ್ಬಸೂದಿಲ್ಲ. ಆಮ್ಯಾಲೆ ಈ ಕಾಗದಕ್ಕ ಕಿಮ್ಮತ್ತಿಲ್ಲರಿ. ಅಂವ ಸಹಿ ಹಾಕಬೇಕು."

ಅವತ್ತಿನಿಂದ ಅವ್ವ ಮಾಯಿಯ ಹಿಂದೆ ಬಿದ್ದಳು. ಮಾಯಿ ಮಹಡಿ ಹತ್ತುವ ಹಾಗಿಲ್ಲ, ತಣ್ಣೀರು ಮುಟ್ಟುವ ಹಾಗಿಲ್ಲ. ನೋಡಿ ನೋಡಿ ನನಗೆ ಮೈ ಉರಿಯಿತು.

"ನಿನಗ ಆಕಿ ಬ್ಯಾಡ, ಆಕಿ ಉಸರು ಬೇಕು," ಎಂದುಬಿಟ್ಟೆ.

"ಹೌದವಾ," ಎಂದಳು ಅವ್ವ. "ನಿನಗ ಮಲಗಾಕ ಜಾಗಾ ಬ್ಯಾಡೇನು?"

ನಾನಾಡಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಾನು ಕೊಟ್ಟ ಕಾಗದಕ್ಕೆ ಬೆಲೆಯಿಲ್ಲವೆಂದು ತಿಳಿದು ಮಾಯಿ ಎರಡು ದಿನ ನಮಗೆ ಮುಖ ತೋರಿಸಲಿಲ್ಲ. ಮೂರನೆಯ ದಿನ ಮೈದುನನ ಮಗನನ್ನು ಕರೆಸಿ, ಅವ್ವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದಳು: "ನನ್ನ ಹಕ್ಕು ಈಗಲೇ ಬಿಡುತ್ತೇನೆ, ನಾಳೆಯೇ ಹೋಟೆಲು ಕಟ್ಟಿಸು. ಆದರೆ ಹಿಂದಿನ ಜಾಗವನ್ನು ಇವಳ ಹೆಸರಿಗೆ ಬರೆ. ನಾನು ಇವಳ ಮನೆಯಲ್ಲಿರುತ್ತೇನೆ." ಮುದುಕಿ ಇನ್ನೂ ಹತ್ತು ವರ್ಷ ಬದುಕಿದರೆ ಹೋಟೆಲಿನವರು ಕಾಯುತ್ತಾರೆಯೇ? ಅವನು ಒಪ್ಪಿದ. ನೋಂದಣಿಗೆ ದಿನ ಗೊತ್ತಾಯಿತು.

ಅದಕ್ಕೆ ನಾಲ್ಕು ದಿನವಿರುವಾಗ ಮಾಯಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿ ಮಾತಿಗೊಮ್ಮೆ ಕೆಮ್ಮು. ಡಾಕ್ಟರು ಆಸ್ಪತ್ರೆಗೆ ಸೇರಿಸಿ ಎಂದರು. ಮಾಯಿ ಒಪ್ಪಲಿಲ್ಲ. ಸುದ್ದಿ ಹೊರಗೆ ಬಿದ್ದರೆ ಮುಗಿಯಿತು, ಅವನೇಕೆ ಸಹಿ ಹಾಕುತ್ತಾನೆ? ಸುಮ್ಮನೆ ಕಾದರೆ ಎಲ್ಲವೂ ಅವನದೇ.

ನೋಂದಣಿಯ ಹಿಂದಿನ ದಿನ ಅವನು ನೋಡಲು ಬಂದೇ ಬಂದ. ಮಾಯಿ ಮುಖಕ್ಕೆ ಪೌಡರು ಬಳಿದುಕೊಂಡು ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತಿದ್ದಳು. ಅವನ ಕಾರು ಕಂಡದ್ದೇ ತಡ, ಮರದ ಮೇಲಿದ್ದ ಕಾಯಿ ಕೀಳುವವನ ಜೊತೆ ಜಗಳ ತೆಗೆದಳು. ಎಳನೀರು ಯಾಕೆ ಬೀಳಿಸಿದೆ, ಕಣ್ಣು ಎಲ್ಲಿಟ್ಟಿದ್ದೀಯ ಎಂದು ಬೀದಿಗೆಲ್ಲ ಕೇಳುವಂತೆ ಬೈದಳು. ಬಾಗಿಲ ಹಿಂದೆ ಅವ್ವ ಬಿಸಿನೀರಿನ ಲೋಟ ಹಿಡಿದು ನಿಂತಿದ್ದಳು. ಅವನು ಕಾರಿನಿಂದ ಇಳಿಯದೆಯೇ ನಾಳೆ ಹತ್ತಕ್ಕೆ ಬನ್ನಿ ಎಂದು ಹೋದ.

ಮರುದಿನ ನೋಂದಣಿ ಕಚೇರಿಯ ಬೆಂಚಿನ ಮೇಲೆ ಎರಡು ತಾಸು ಕೂತೆವು. ಅವನು ಪಕ್ಕದಲ್ಲೇ ಇದ್ದ. ಮಾಯಿ ಕರ್ಚೀಫು ಕಚ್ಚಿ ಹಿಡಿದಿದ್ದಳು, ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ದೇವರೇ, ಇನ್ನೊಂದು ಗಳಿಗೆ, ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಒಮ್ಮೆ ಅವನು ತಿರುಗಿ ನೋಡಿದ. ಮಾಯಿ ನಕ್ಕಳು, ತುಟಿ ಬಿಚ್ಚದೆ.

ಸ್ವಂತ ಮನಸ್ಸಿನಿಂದ ಬಿಟ್ಟುಕೊಡುತ್ತಿದ್ದೀರಾ ಎಂದು ಅಧಿಕಾರಿ ಕೇಳಿದರು. "ವ್ಹಯ್," ಎಂದಳು. ಹೌದು ಎನ್ನುವ ಆ ಒಂದೇ ಮಾತು. ಸಹಿ ಹಾಕಿದಳು. ಅವನೂ ಹಾಕಿದ.

ಅವನ ಕಾರು ತಿರುವು ದಾಟುವವರೆಗೂ ಮಾಯಿ ನೆಟ್ಟಗೆ ನಿಂತಿದ್ದಳು. ಆಮೇಲೆ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಅವ್ವನ ತೋಳು ಹಿಡಿದಳು. ನಮ್ಮಿಂದಲೇ ಕಲಿತ ಕನ್ನಡದಲ್ಲಿ ಕೇಳಿದಳು:

"ಈಗ ಕೆಮ್ಮಲೇನ?"

ಅವ್ವ ಅವಳನ್ನು ಎದೆಗೆ ಒರಗಿಸಿಕೊಂಡು, "ಕೆಮ್ಮು ಮಾಯಿ, ಎಷ್ಟ ಬೇಕಷ್ಟು ಕೆಮ್ಮು," ಎಂದು ಅಳತೊಡಗಿದಳು. ನಾನು ರಿಕ್ಷಾ ತರಲು ಓಡಿದೆ.