ಎದುರು ತಂಡದ ಗೋಳಿಬಜೆ

ನಾನಿನ್ನೂ ಚಿಕ್ಕವನಿದ್ದಾಗ ಲಂಡನ್ನಿನಲ್ಲಿ ಹಸಿಮೆಣಸು ಸಿಗುವುದು ಕಷ್ಟವಾಗಿತ್ತು. ನಮ್ಮ ಅಪ್ಪನ ಬಾಯಿ ಮುಚ್ಚಿಸುವುದು ಅದಕ್ಕಿಂತ ಕಷ್ಟವಾಗಿತ್ತು. ಬಸ್ಸಿನಲ್ಲಿ ಪಕ್ಕ ಕೂತವರ ಕೆಲಸ, ಮನೆ ಬಾಡಿಗೆ, ಮಂಡಿನೋವು ಎಲ್ಲವೂ ಎರಡು ಸ್ಟಾಪು ದಾಟುವುದರೊಳಗೆ ಅಪ್ಪನಿಗೆ ಗೊತ್ತಾಗಿರುತ್ತಿತ್ತು. ಅವರು ಪೇಪರು ಬಿಡಿಸಿ ಮುಖ ಅಡಗಿಸಿಕೊಂಡರೆ ಅಪ್ಪ ಪೇಪರಿನ ಈಚೆಯಿಂದಲೇ ಮಾತು ಮುಂದುವರಿಸುತ್ತಿದ್ದರು. ಅಕ್ಕನೂ ನಾನೂ ಹಿಂದಿನ ಸೀಟಿನಲ್ಲಿ ಕೂತು, ಈ ಮನುಷ್ಯ ಯಾರೋ ಏನೋ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದೆವು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಒಂದು ಭಾನುವಾರ ಮಧ್ಯಾಹ್ನ ಅಪ್ಪ ಬಾಯಿ ಮುಚ್ಚಿಕೊಂಡು ಕೂರಲೇಬೇಕಾದ ಸಂದರ್ಭ ಬಂತು. ನಮ್ಮ ಅನ್ನದ ಪ್ರಶ್ನೆ ಅದರ ಮೇಲೆ ನಿಂತಿತ್ತು.

ಆಗ ನಾವು ಕ್ವೀನ್ಸ್‌ಬರಿಯಲ್ಲಿ ಯಾರದೋ ಮನೆಯ ಮಹಡಿಯ ಮೇಲೆ ಎರಡು ಕೋಣೆ ಹಿಡಿದಿದ್ದೆವು. ಕುಂದಾಪುರದಿಂದ ಬಂದ ಅಪ್ಪ ನಗರದ ನಡುವೆ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಅಡುಗೆ ಮಾಡುತ್ತಿದ್ದರು. ಅಲ್ಲಿ ಕಿಟಕಿಯೇ ಇರಲಿಲ್ಲ. ಬೇಸಿಗೆ ಬಂದದ್ದೂ ಹೋದದ್ದೂ ಅಪ್ಪನಿಗೆ ತರಕಾರಿ ನೋಡಿಯೇ ಗೊತ್ತಾಗಬೇಕು. ಅಷ್ಟು ಮಾತಿನ ಮನುಷ್ಯನಿಗೆ ದಿನವಿಡೀ ಎದುರಿಗಿರುತ್ತಿದ್ದದ್ದು ಒಂದು ಗೋಡೆ.

ಆ ಹೋಟೆಲಿಗೆ ಬರುತ್ತಿದ್ದ ಅಮೆರಿಕದ ಒಬ್ಬ ಸೈನ್ಯಾಧಿಕಾರಿಗೆ ಅಪ್ಪನ ಗೋಳಿಬಜೆ ಬಹಳ ಹಿಡಿಸಿತ್ತು. ಮೈದಾಕ್ಕೆ ಹುಳಿ ಮೊಸರು, ಶುಂಠಿ, ಹಸಿಮೆಣಸು ಹಾಕಿ ಕಲಸಿ, ಎಣ್ಣೆಗೆ ಉಂಡೆಯಾಗಿ ಬಿಡುವ ಬಜೆ ಅದು. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ ಆಗ ಅಮೆರಿಕದ ಸೈನಿಕರ ಸಂಸಾರಗಳಿದ್ದವು. ಬೇಸಿಗೆಯ ಭಾನುವಾರಗಳಲ್ಲಿ ಅವರು ಬೇಸ್‌ಬಾಲ್ ಆಡುತ್ತಿದ್ದರು. ಈ ಅಧಿಕಾರಿಯೇ ಅವರ ಒಂದು ತಂಡದ ಕ್ಯಾಪ್ಟನ್. "ಈ ವಾರ ತಿಂಡಿ ತಂದು ನೋಡಿ. ನಮ್ಮ ಹುಡುಗರಿಗೆ ಹಿಡಿಸಿದರೆ ಬೇಸಿಗೆ ಪೂರ್ತಿ ಮೈದಾನದಲ್ಲಿ ನಿಮ್ಮದೇ ಒಂದು ಮೇಜು," ಎಂದಿದ್ದರು. ಆ ಮೇಜು ಸಿಕ್ಕರೆ ನೆಲಮಾಳಿಗೆ ಬಿಟ್ಟು ಹೊರಗೆ ಬರಬಹುದು ಎಂಬುದು ಅಪ್ಪನ ಲೆಕ್ಕ.

ಬೆಳಿಗ್ಗೆಯೇ ಮನೆ ತುಂಬ ಎಣ್ಣೆಯ ಹೊಗೆ. ಕೆಳಗಿನ ಮನೆಯವರು ಬಾಗಿಲು ಧಡ್ಡೆಂದು ಹಾಕಿಕೊಂಡರು. ಅಮ್ಮ ಸೀರೆಯ ಮೇಲೆ ಕಂದು ಕೋಟು ತೊಟ್ಟು, ದೊಡ್ಡ ಬಿಸ್ಕತ್ತಿನ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತರು. ಡಬ್ಬದ ಬಿಸಿಗೆ ಬಸ್ಸಿನ ಗಾಜು ಮಸುಕಾಗಿತ್ತು. ಅಪ್ಪ ಕಂಡಕ್ಟರನಿಗೆ ಗೋಳಿಬಜೆ ಮಾಡುವ ಕ್ರಮ ವಿವರಿಸುತ್ತಿದ್ದರು.

ಮೈದಾನ ಚೆನ್ನಾಗಿತ್ತು. ಆಗತಾನೇ ಕತ್ತರಿಸಿದ ಹುಲ್ಲಿನ ವಾಸನೆ, ಚರ್ಮದ ಗವಸಿನ ವಾಸನೆ, ಮರದ ಬ್ಯಾಟಿಗೆ ಚೆಂಡು ತಾಗಿದಾಗ ಒಣ ಕಟ್ಟಿಗೆ ಸೀಳಿದಂಥ ಸದ್ದು. ಶಾಲೆಯಲ್ಲಿ ಇದನ್ನೇ ಹೋಲುವ ರೌಂಡರ್ಸ್ ಆಡುತ್ತಿದ್ದ ಅಕ್ಕನಿಗೆ ಆಟ ಬೇಗ ಅರ್ಥವಾಯಿತು. ಚೆಂಡು ಎಸೆಯುವವನು ಪಿಚರ್. ಬ್ಯಾಟಿನವನು ಅದನ್ನು ಹೊಡೆದು, ಓಡಿ, ನೆಲದ ಮೇಲಿಟ್ಟ ಚೌಕ ದಿಂಬುಗಳಲ್ಲಿ ಮೊದಲನೆಯದನ್ನು, ಅಂದರೆ ಮೊದಲ ಬೇಸ್ ಮುಟ್ಟಬೇಕು. ಅವತ್ತು ನಮ್ಮ ಕ್ಯಾಪ್ಟನ್ನರ ತಂಡದ ಪಿಚರ್ ಉದ್ದ ಕೈಯ, ಕೆಂಪು ಕಿವಿಯ ಹುಡುಗ. ಅವನು ಎಸೆದ ಚೆಂಡಿಗೆ ಎದುರು ತಂಡದವರು ಬರುವುದು, ಗಾಳಿಗೆ ಬ್ಯಾಟು ಬೀಸುವುದು, ಗೊಣಗುತ್ತ ವಾಪಸು ಹೋಗುವುದು, ಇಷ್ಟೇ ನಡೆದಿತ್ತು.

ಆಟ ಅರ್ಧ ದಾಟಿರಬೇಕು. ಅಲ್ಲಿಯವರೆಗೆ ಕೂಗಾಡುತ್ತಿದ್ದ ನಮ್ಮ ಕಡೆಯ ಬೆಂಚು ಇದ್ದಕ್ಕಿದ್ದಂತೆ ಮೌನವಾಯಿತು. ತಮ್ಮ ತಂಡದ ಬ್ಯಾಟಿಂಗ್ ಸರದಿ ಬಂದಾಗ ಪಿಚರ್ ಬೆಂಚಿನ ತುದಿಯಲ್ಲಿ ಹೋಗಿ ಕೂತ. ಮಿಕ್ಕವರೆಲ್ಲ ಸರಿದು ಇನ್ನೊಂದು ತುದಿಗೆ ಹೋದರು. ಒಬ್ಬರೂ ಅವನ ಕಡೆ ನೋಡುತ್ತಿಲ್ಲ. ನೀರಿನ ಬಾಟಲಿ ಕೂಡ ಅವನ ಮುಂದೆ ಹಾದು ಹೋಗಲಿಲ್ಲ.

ಮಡಚುವ ಕುರ್ಚಿಯಲ್ಲಿ ಕೂತಿದ್ದ ಅಮೆರಿಕದ ಅಜ್ಜಿಯೊಬ್ಬರನ್ನು ಅಕ್ಕ ಕೇಳಿದಳು. ಅವರು ಪಿಸುದನಿಯಲ್ಲಿ ಹೇಳಿದರು: ಎದುರಾಳಿಗಳಲ್ಲಿ ಒಬ್ಬನೂ ಕೊನೆಯವರೆಗೆ ಮೊದಲ ಬೇಸ್ ಮುಟ್ಟದಿದ್ದರೆ ಅದು ಪರ್ಫೆಕ್ಟ್ ಗೇಮ್. ಸಂಬಳಕ್ಕೆ ಆಡುವ ದೊಡ್ಡ ದೊಡ್ಡ ಆಟಗಾರರಲ್ಲೂ ಇದನ್ನು ಸಾಧಿಸಿದವರನ್ನೆಲ್ಲ ಕರೆದರೆ ಒಂದು ಉದ್ದ ಊಟದ ಮೇಜಿಗೆ ಸಾಕಾಗುತ್ತಾರೆ. ಅಂಥದ್ದು ನಡೆಯುತ್ತಿರುವಾಗ ಯಾರೂ ಅದರ ಮಾತೆತ್ತಬಾರದು. ಪಿಚರ್‌ನ ಹತ್ತಿರ ಹೋಗಬಾರದು. ಹೋದರೆ ಕೆಟ್ಟಿತು.

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಅಪ್ಪನ ಕಡೆ ತಿರುಗಿದೆವು. ಅಪ್ಪ ಆಗಲೇ ಎದ್ದು ಕೋಟು ಸರಿಮಾಡಿಕೊಳ್ಳುತ್ತಿದ್ದರು.

"ಎಂತ ಮಾಣಿ ಮಾರಾಯ್ತಿ ಅಂವ. ಒಬ್ಬನಿಗೂ ಹೊಡೂಕೆ ಬಿಡ್ಲಿಲ್ಲ. ನಾನ್ ಒಂದ್ ಒಳ್ಳೆ ಮಾತ್ ಹೇಳಿ ಬತ್ತೆ."

"ಅಪ್ಪಯ್ಯ, ಕೂಕಣಿ," ಎಂದು ಅಕ್ಕ ಕೋಟಿನ ತುದಿ ಹಿಡಿದು ಎಳೆದಳು.

"ಒಳ್ಳೆ ಮಾತ್ ಹೇಳುಕೆ ಎಂತ ತೊಂದ್ರೆ?"

"ದೃಷ್ಟಿ ತಾಗತ್ತ್ ಅಂಬ್ರ್."

ಅಪ್ಪ ಕಣ್ಣರಳಿಸಿದರು. "ದೃಷ್ಟಿಯಾ? ಅಮೆರಿಕದವ್ರಿಗೂ ಇತ್ತಾ ಅದ್? ಹಾಂಗಾರೆ ನಾನ್ ಕ್ಯಾಪ್ಟನ್ ಹತ್ರ ನಮ್ ಕಡೆದ್ ಹ್ಯಾಂಗೆ ತೆಗೂದ್ ಅಂದ್ ಹೇಳ್ತೆ."

ಇಂಥವರನ್ನು ಏನು ಮಾಡುವುದು ಹೇಳಿ. ಅಕ್ಕ ಒಂದು ಕಡೆ, ನಾನು ಒಂದು ಕಡೆ ಕೂತು ಅಪ್ಪನ ಎರಡೂ ತೋಳು ಹಿಡಿದುಕೊಂಡೆವು. ಬಾಯಿ ತೆರೆದಾಗಲೆಲ್ಲ ಅಕ್ಕ ಒಂದು ಗೋಳಿಬಜೆ ತುರುಕುತ್ತಿದ್ದಳು. ಅಮೆರಿಕದವರು ತಿನ್ನಲೆಂದು ತಂದ ಬಜೆ ಅಪ್ಪನ ಹೊಟ್ಟೆ ಸೇರುತ್ತಿತ್ತು. ಮಾತು ಗಂಟಲಲ್ಲೇ ಸಿಕ್ಕಿಕೊಂಡು ಅವರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ನಮಗೋ, ಇವರನ್ನು ಕಾಯುವುದರಲ್ಲೇ ಕೈ ಸೋತು, ತಲೆ ಚಿಟ್ಟು ಹಿಡಿದು, ಸಿಟ್ಟು ನೆತ್ತಿಗೇರಿತ್ತು. ಆಟ ಮುಗಿದರೆ ಸಾಕಪ್ಪಾ ಎನಿಸಿತ್ತು.

ಇಷ್ಟು ಕಾವಲು ಕಾದೆವಲ್ಲ, ಕಾದದ್ದು ತಪ್ಪು ಬಾಗಿಲನ್ನು.

ಡಬ್ಬಕ್ಕೆ ಕೈ ಹಾಕಲು ತಿರುಗಿದ ಅಕ್ಕ ಹಾಗೇ ಕೂತುಬಿಟ್ಟಳು. ಡಬ್ಬವೂ ಇಲ್ಲ, ಅಮ್ಮನೂ ಇಲ್ಲ. ತಲೆ ಎತ್ತಿ ನೋಡಿದರೆ, ಮನೆಯಿಂದ ಹೊರಗೆ ನಾಲ್ಕು ಮಾತೂ ಆಡದ ನಮ್ಮ ಅಮ್ಮ, ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಬಿಟ್ಟು ಬೇರೆ ಬಾರದ ನಮ್ಮ ಅಮ್ಮ, ಮೈದಾನದ ಅಂಚಿನಲ್ಲಿ ಸೀರೆ ತುಸು ಎತ್ತಿಕೊಂಡು ನಡೆದು, ಆ ಬೆಂಚಿನ ಖಾಲಿ ಜಾಗದಲ್ಲಿ, ಆ ಹುಡುಗನ ಪಕ್ಕ ಕೂತಾಗಿತ್ತು.

ಇಡೀ ತಂಡ ಉಸಿರು ಬಿಗಿಹಿಡಿಯಿತು. ಕ್ಯಾಪ್ಟನ್ ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಅಮ್ಮ ಡಬ್ಬದ ಮುಚ್ಚಳ ತೆಗೆದು, ಚಟ್ನಿಯಲ್ಲಿ ಅದ್ದಿದ ಒಂದು ಬಜೆಯನ್ನು ಅವನ ಮುಂದೆ ಹಿಡಿದು, "ತಿನ್ನ್ ಮಗ," ಎಂದರು. ಅಷ್ಟೇ. ಹುಡುಗ ಒಮ್ಮೆ ತಂಡದವರ ಕಡೆ ನೋಡಿದ, ಒಮ್ಮೆ ಅಮ್ಮನ ಕಡೆ. ಆಮೇಲೆ ಬಾಯಿಗೆ ಹಾಕಿಕೊಂಡ. ಇನ್ನೊಂದಕ್ಕೂ ಕೈ ಚಾಚಿದ. ಇಬ್ಬರೂ ಮಾತಿಲ್ಲದೆ ತಿನ್ನುತ್ತ ಕೂತರು, ತವರಿನ ಜಗಲಿಯಲ್ಲಿ ಕೂತಂತೆ.

ಕೊನೆಯ ಸುತ್ತು ಬಂತು. ಮೊದಲನೆಯವನು ಔಟು, ಎರಡನೆಯವನೂ ಔಟು. ಮೂರು ಔಟಾದರೆ ಸುತ್ತು ಮುಗಿಯುತ್ತದೆ, ಉಳಿದದ್ದು ಒಂದೇ ಔಟು. ಅಪ್ಪನ ತೋಳನ್ನು ನಾವು ಇನ್ನೂ ಬಿಟ್ಟಿರಲಿಲ್ಲ. ಚೆಂಡು ಹೋಯಿತು, ಬ್ಯಾಟಿನ ತುದಿಗೆ ತಾಗಿತು, ಇಬ್ಬರು ಆಟಗಾರರ ನಡುವೆ ಹುಲ್ಲಿನಲ್ಲಿ ನಿಧಾನವಾಗಿ ಉರುಳಿತು. ಅಂಥ ಸೋಮಾರಿ ಹೊಡೆತವನ್ನು ನಾನು ಆಮೇಲೆ ನೋಡಿಲ್ಲ. ಇಬ್ಬರೂ ಓಡಿದರು, ಇಬ್ಬರಿಗೂ ಸಿಗಲಿಲ್ಲ. ಬ್ಯಾಟಿನವನು ಮೊದಲ ಬೇಸ್ ಮೇಲೆ ನಿಂತಿದ್ದ.

ಮುಂದಿನವನನ್ನು ಔಟು ಮಾಡಿ ಪಂದ್ಯವನ್ನು ನಮ್ಮ ಕಡೆಯವರೇ ಗೆದ್ದರು. ಆದರೂ ಗೆದ್ದವರ ಮುಖ ಯಾರಲ್ಲೂ ಇರಲಿಲ್ಲ. ಎಲ್ಲರೂ ನಮ್ಮ ಡಬ್ಬದ ಕಡೆ ನೋಡುತ್ತಿದ್ದರು. ಕ್ಯಾಪ್ಟನ್ ಬಂದು, "ನಿಮ್ಮ ಹೆಂಡತಿಗೆ ಗೊತ್ತಿರಲಿಲ್ಲ, ನನಗೆ ಅರ್ಥವಾಗುತ್ತದೆ. ಆದರೆ ಹುಡುಗರು ಇನ್ನು ಇದನ್ನು ಮುಟ್ಟುವುದಿಲ್ಲ. ಮೇಜಿನ ಮಾತು ಬಿಟ್ಟುಬಿಡಿ," ಎಂದರು.

ನಾವು ಅಪ್ಪನ ತೋಳು ಬಿಟ್ಟೆವು. ಇನ್ನು ಹಿಡಿದು ಏನು ಪ್ರಯೋಜನ.

ಅಪ್ಪ ಎದ್ದು ನಿಂತು, ಕರವಸ್ತ್ರದಿಂದ ತುಟಿ ಒರೆಸಿಕೊಂಡು, ತಮ್ಮ ಮುರುಕು ಇಂಗ್ಲಿಷಿನಲ್ಲಿ ಬಹಳ ತಗ್ಗಿದ ದನಿಯಲ್ಲಿ ಹೇಳಿದರು: "ನಮ್ಮ ಬಜೆ ಅಪಶಕುನ. ಒಪ್ಪಿದೆ ಸಾರ್. ತಿಂದವನಿಗೆ ಕೆಡುತ್ತದೆ, ಹೌದಲ್ಲ? ಹಾಗಾದರೆ ಪ್ರತಿ ಭಾನುವಾರ ನನ್ನ ಮೇಜನ್ನು ಎದುರು ತಂಡದ ಬೆಂಚಿನ ಪಕ್ಕ ಹಾಕಿಸಿ. ಅವರು ಹೊಟ್ಟೆ ತುಂಬ ತಿನ್ನಲಿ."

ಕ್ಯಾಪ್ಟನ್ ಎದುರು ತಂಡದ ಬೆಂಚಿನ ಕಡೆ ತಿರುಗಿ ನೋಡಿದರು. ಆಮೇಲೆ ಅವರ ಭುಜ ಅಲುಗಾಡತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಅಪ್ಪನ ಕೈ ಕುಲುಕಿದರು.

ನಾನು ಮುಂದೆ ಅಂಗಡಿ ಇಟ್ಟು, ಬಾಡಿಗೆ ಮಾಲೀಕರ ಜೊತೆ, ಸಗಟು ವ್ಯಾಪಾರಿಗಳ ಜೊತೆ ಎಷ್ಟು ಚೌಕಾಸಿ ಮಾಡಿದ್ದರೂ ಪಾಠ ಕಲಿತದ್ದು ಅಲ್ಲೇ. ಮಕ್ಕಳೇ, ಯಾರಾದರೂ ನಿಮ್ಮ ಸರಕಿನ ಮೇಲೆ ದೂರು ಹೇಳಿದರೆ ವಾದಕ್ಕೆ ಇಳಿಯಬೇಡಿ. ಆ ದೂರು ಯಾರಿಗೆ ಬೇಕಾಗಬಹುದು ಎಂದು ಮೊದಲು ಯೋಚಿಸಿ. ಬೇಸಿಗೆ ಮುಗಿಯುವ ಹೊತ್ತಿಗೆ ಎರಡೂ ತಂಡದವರು ನಮ್ಮ ಮೇಜಿನ ಮುಂದೆ ಸಾಲು ನಿಲ್ಲುತ್ತಿದ್ದರು. ಮೈದಾನ ದಾಟಿ ಮೊದಲು ಬಂದವನು ಆ ಕೆಂಪು ಕಿವಿಯ ಹುಡುಗನೇ. ಅಪ್ಪ ನೆಲಮಾಳಿಗೆಗೆ ಮತ್ತೆ ಹೋಗಲಿಲ್ಲ.

ಅವತ್ತು ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಅಮ್ಮನನ್ನು ಗದರಿದಳು. ಅಮ್ಮನಿಗೂ ರೇಗಿತು. "ಅಷ್ಟ್ ಜನ ಇದ್ದ್ ಒಬ್ಬ ಮಾಣಿ ಒಬ್ಬನೇ ಕೂಕಂಡ್ರೆ ನೋಡ್ಕಂಡ್ ಇಪ್ಪುಕೆ ಆತ್ತಾ? ಎಂತ ಆಟವೋ ನಿಮ್ದ್," ಎಂದು ಖಾಲಿ ಡಬ್ಬದ ಮುಚ್ಚಳ ಒತ್ತಿ ಹಾಕಿದರು.

ಈಗ ಕ್ವೀನ್ಸ್‌ಬರಿಯ ಪಕ್ಕದ ಕಿಂಗ್ಸ್‌ಬರಿಯಲ್ಲಿರುವ ನಮ್ಮ ಮನೆಗೆ ಬನ್ನಿ. ನನ್ನ ಮೊಮ್ಮಗನಿಗೆ ಬೇಸ್‌ಬಾಲ್ ಹುಚ್ಚು. ಯಾರು ಅತಿ ಹೆಚ್ಚು ಹೋಮ್ ರನ್ ಹೊಡೆದರು, ಯಾರು ವರ್ಷಗಟ್ಟಲೆ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ, ಎಲ್ಲ ದಾಖಲೆ ಅವನ ನಾಲಿಗೆಯ ತುದಿಯಲ್ಲಿದೆ. ಪರ್ಫೆಕ್ಟ್ ಗೇಮ್ ಆಡಿದವರು ಈಗ ಒಂದು ಸಣ್ಣ ಬಸ್ಸಿಗೆ ಸಾಕಾಗುವಷ್ಟಿದ್ದಾರಂತೆ. ಅವರ ಆಟವನ್ನು ಇವನು ಫೋನಿನಲ್ಲಿ ನೋಡುವ ಚಂದ ನೋಡಬೇಕು: ಕೊನೆಯ ಚೆಂಡು, ಕುಣಿತ, ಅಪ್ಪುಗೆ, ಮುಗಿಯಿತು. ಹೆಬ್ಬೆರಳು ಸರಿಸಿದರೆ ಮುಂದಿನ ದಾಖಲೆ. ಒಂದು ಮಧ್ಯಾಹ್ನ ಪೂರ್ತಿ ಉಸಿರು ಹಿಡಿದು ಕೂತದ್ದು ಎಲ್ಲಿ ಹೋಯಿತು ಎಂದು ಕೇಳಿದರೆ, "ಅಜ್ಜ, ದಟ್ಸ್ ದಿ ಬೋರಿಂಗ್ ಬಿಟ್," ಎನ್ನುತ್ತಾನೆ. ನಮ್ಮ ಕಥೆ ಹೇಳಿದರೆ, ಅದು ಪೂರ್ತಿಯಾಗಲಿಲ್ಲವಲ್ಲ, ಯಾವ ದಾಖಲೆಯಲ್ಲೂ ಇಲ್ಲವಲ್ಲ ಎನ್ನುತ್ತಾನೆ. ಇವನಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ಮೊನ್ನೆ ರೇಗಿ ಫೋನು ಕಿತ್ತುಕೊಂಡು, ಅಂಥ ಒಂದು ಆಟವನ್ನು ಟಿವಿಯಲ್ಲಿ ಹಾಕಿಸಿ, "ನಡುವಿನದನ್ನು ನೋಡಿ," ಎಂದು ಇಬ್ಬರು ಮೊಮ್ಮಕ್ಕಳನ್ನೂ ಕೂರಿಸಿದೆ. ಮೊಮ್ಮಗ ನಿಟ್ಟುಸಿರು ಬಿಡುತ್ತ ಸೋಫಾದಿಂದ ಜಾರುತ್ತಿದ್ದ. ಅವನ ತಂಗಿ ಮಾತ್ರ ಪರದೆಯ ಹತ್ತಿರ ಹೋಗಿ ನಿಂತಳು. ಅಲ್ಲಿ ಪಿಚರ್ ಬೆಂಚಿನ ತುದಿಯಲ್ಲಿ ಕೂತಿದ್ದ, ಸುತ್ತ ಯಾರೂ ಇರಲಿಲ್ಲ. ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವಳು.

"ಅಜ್ಜ," ಎಂದಳು ಕನ್ನಡದಲ್ಲೇ, "ಅವನಿಗೆ ಯಾರೂ ಏನೂ ತಿನ್ನಕ್ಕೆ ಕೊಡಲ್ವಾ?"

ಹೇಳಬೇಕೆಂದಿದ್ದ ಬುದ್ಧಿಮಾತು ಬಹಳವಿತ್ತು. ಎದ್ದು ಅಡುಗೆಮನೆಗೆ ಹೋಗಿ, ಬಜೆಗೆ ಆಗುವಷ್ಟು ಮೊಸರು ಹುಳಿಯಾಗಿದೆಯೇ ಎಂದು ನೋಡಿದೆ.