ಕುಂಕುಮ ಹಚ್ಚಿದ ಹಲಗೆ

ಬ್ಯಾಡಗಿಯಲ್ಲಿ ನಮ್ಮ ಮನೆಯ ಮುಂದಿನ ರಸ್ತೆಯನ್ನು ಅಗಲ ಮಾಡುತ್ತಿದ್ದರು. ಚರಂಡಿಗೆಂದು ಅಂಗಡಿಗಳ ಮುಂದೆ ಆಳಕ್ಕೆ ಅಗೆದು, ತಳದಲ್ಲಿ ಕಬ್ಬಿಣದ ಸರಳುಗಳನ್ನು ನಿಲ್ಲಿಸಿದ್ದರು. ಜನ ದಾಟಲೆಂದು ಗುತ್ತಿಗೆದಾರನ ಆಳುಗಳು ಅಲ್ಲಲ್ಲಿ ಒಂದೊಂದು ಹಲಗೆ ಹಾಕಿದರು. ಒಬ್ಬರು ನಡೆಯುವಷ್ಟು ಅಗಲ. ಹಿಡಿದುಕೊಳ್ಳಲು ಯಾವ ಬದಿಗೂ ಏನೂ ಇರಲಿಲ್ಲ.

ಕೆಲಸ ತಿಂಗಳುಗಟ್ಟಲೆ ನಿಂತಿತು. ಎದುರಿನ ಕಿರಾಣಿ ಅಂಗಡಿಯ ಮೆಟ್ಟಿಲನ್ನು ಅಗೆಯುವಾಗ ಒಡೆದಿದ್ದರು. ಹೀಗಾಗಿ ಅಂಗಡಿಯವರಿಗೆ ಬಾಗಿಲ ಮುಂದಿನ ಹಲಗೆಯೇ ಹೊಸ್ತಿಲಾಯಿತು. ಅಮಾವಾಸ್ಯೆಯ ಬೆಳಿಗ್ಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಟ್ಟನಡುವೆ ನಿಂಬೆಹಣ್ಣು ಕೊಯ್ದಿಟ್ಟು, ಕಾಯಿ ಒಡೆದರು. ಕಾಯಿಯ ನೀರು ಹಲಗೆಯ ಅಂಚಿನವರೆಗೂ ಹರಿಯಿತು.

ನಮ್ಮ ಮನೆಯಲ್ಲೇ ಇದ್ದ ನನ್ನ ಚಿಗವ್ವ, ಅವ್ವನ ತಂಗಿ, ಆಗ ಬೆಲ್ಲ ತರಲು ಹೋದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಅವಳ ಕೆಲಸ. ದಿನವಿಡೀ ನೆಲದ ಮೇಲೆ ಕಾಲು ಮಡಿಸಿ ಕೂರಬೇಕು. ನಾನು ಮನೆಯ ಕಟ್ಟೆಯ ಮೇಲಿದ್ದೆ. ಹಲಗೆಯ ಹತ್ತಿರ ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ನಿಂಬೆಹಣ್ಣು, ಕುಂಕುಮ ತುಳಿಯಬಾರದೆಂದು ಬಲಗಾಲನ್ನು ಅಂಚಿಗೆ ಇಟ್ಟಳು. ಕಾಲು ಜಾರಿತು. ನಾನು ಓಡಿಹೋಗುವಷ್ಟರಲ್ಲಿ ಅವಳು ಚರಂಡಿಯ ತಳದಲ್ಲಿದ್ದಳು. ಒಂದು ಸರಳು ಬಲಮಂಡಿಯ ಪಕ್ಕದಲ್ಲಿ ಹೊಕ್ಕಿತ್ತು.

ಎತ್ತಿ ಮಲಗಿಸಿ, ರಾಣೆಬೆನ್ನೂರಿನ ಆಸ್ಪತ್ರೆಗೆ ಒಯ್ಯಲು ಗಾಡಿ ಕಾಯುತ್ತಿದ್ದಾಗ ನೆರೆದವರು ಮಾತಾಡುತ್ತಲೇ ಇದ್ದರು.

"ದಾಟಾಕ ಹಲಗಿ ಹಾಕೇವ್ರಿ. ಅದರ ಮ್ಯಾಲೆ ಕಾಯಿ ಒಡೀರಿ ಅಂತ ಯಾರ ಹೇಳಿದ್ರು?" ಎಂದ ಗುತ್ತಿಗೆದಾರನ ಮೇಸ್ತ್ರಿ.

"ನಮ್ಮ ಮೆಟ್ಟಲಾ ಒಡದವ್ರು ಯಾರಪಾ? ಪೂಜಿ ಏನ್ ನಿನ್ನ ತಲಿ ಮ್ಯಾಲೆ ಮಾಡೂಣೇನು?" ಎಂದರು ಅಂಗಡಿಯವರು.

"ಪುಣ್ಯಾ, ನಿಂಬಿಹಣ್ಣು ತುಳೀಲಿಲ್ಲ ನೋಡ್ರಿ," ಎಂದಳು ಒಬ್ಬ ಮುದುಕಿ. ಅವಳು ನಿಜವಾಗಿಯೂ ಸಮಾಧಾನಪಟ್ಟಿದ್ದಳು.

ಮರುದಿನ ಹಲಗೆಯ ಎರಡೂ ಬದಿಗೆ ಕೋಲು ನೆಟ್ಟು ಕೆಂಪು ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ನಾನು ಹಿಡಿದು ನೋಡಿದೆ. ಕೈಗೇ ಕಿತ್ತು ಬಂತು.

ಗಾಯ ಮಾಯಿತು, ಮಂಡಿ ಮಡಚಲು ಬರಲಿಲ್ಲ. ಕೆಲಸಕ್ಕೆ ಮರಳಿದ ದಿನ ಚಿಗವ್ವ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಒಯ್ದು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕೆಲಸ ನೋಡಿಕೊಳ್ಳುವ ಹೆಂಗಸು ಬಂದು ಸೊಂಟಕ್ಕೆ ಕೈಯಿಟ್ಟಳು.

"ಅಯ್ಯ, ಕುರ್ಚಿ ಮ್ಯಾಲೆ ಕುಂತು ತೊಟ್ಟ ಬಿಡಸ್ತೀಯೇನ? ಸಾವ್ಕಾರ್ತಿ ಆದಿ ಬಿಡವಾ!"

ಎಲ್ಲರೂ ನಕ್ಕರು. ಚಿಗವ್ವನೂ ನಕ್ಕಳಂತೆ. ಮಾರನೆಯ ಬೆಳಿಗ್ಗೆ ಕೆಲಸದವರನ್ನು ಕರೆಯುತ್ತ ಓಣಿಗೆ ಬಂದ ಆ ಹೆಂಗಸು ನಮ್ಮ ಬಾಗಿಲ ಮುಂದೆ ಮಾತ್ರ ನಿಲ್ಲಲಿಲ್ಲ.