ಮಂಜುಳಾಳ ಕೂಸನ್ನು ಎದೆಗೆ ಕಟ್ಟಿದವರು

ಗಾಳಿ ಸೋಕಿದೆ, ಮೈಮೇಲೆ ಬಂದಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಥರ್ಮಾಮೀಟರ್ ತೆಗೆಯುತ್ತಿದ್ದೆ. ಆರೋಗ್ಯ ಸಹಾಯಕಿಯಾಗಿ ಮನೆಮನೆ ತಿರುಗಿದ ಅಷ್ಟೂ ವರ್ಷ ಅಂಥ ಮಾತುಗಳನ್ನು ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಲಗ್ಗೆರೆಯಲ್ಲಿ ಒಂದು ಬೆಳಿಗ್ಗೆ ನಡೆದದ್ದನ್ನು, ಕಂಡಷ್ಟನ್ನೇ, ಇಲ್ಲಿ ಬರೆಯುತ್ತೇನೆ.

ಮಂಜುಳಾ ಎಂಬ ಹುಡುಗಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿತ್ತು. ಕೂಸು ಅಂಗೈಗಿಂತ ಸ್ವಲ್ಪ ದೊಡ್ಡದು. ಗಂಡ ಪೀಣ್ಯದ ಕಾರ್ಖಾನೆಗೆ ಹೋಗುತ್ತಿದ್ದ. ತವರಿನಿಂದ ಯಾರೂ ಬಂದಿರಲಿಲ್ಲ. ಚಳಿಗಾಲ. ಈಗಲೇ ನೀರು ಹಾಕಬೇಡಿ, ಬೆಚ್ಚಗಿಡಿ ಎಂದು ಹಿಂದಿನ ದಿನವೇ ಹೇಳಿ ಬಂದಿದ್ದೆ. ಮರುದಿನ ಹೋದಾಗ ಪಕ್ಕದ ಮನೆಯ ಅಜ್ಜಿ ಓಣಿಯಲ್ಲೇ ಸಿಕ್ಕಿದರು.

"ಕೂಸಿಗೆ ಆಗ್ಲೇ ನೀರು ಹಾಕ್ದೆ ಕಣಮ್ಮ ನರ್ಸಮ್ಮ. ಒಂಚೂರೂ ಅಳ್ಲಿಲ್ಲ, ಬಂಗಾರದಂಥ ಮಗು!"

ನಾನು ಓಡಿದೆ. ಅಷ್ಟು ಸಣ್ಣ ಕೂಸು ಅಳುವುದಿಲ್ಲ ಎಂದರೆ ಅದರ ಮೈ ತಣ್ಣಗಾಗುತ್ತಿದೆ ಎಂದರ್ಥ.

ಬಾಗಿಲು ತೆರೆದೇ ಇತ್ತು. ಮಂಜುಳಾ ಗೋಡೆಗೆ ಒರಗಿ ಕುಳಿತಿದ್ದಳು. ಕೂಸನ್ನು ಅವಳ ಬರಿಯ ಎದೆಗೆ, ಮೈಗೆ ಮೈ ತಾಗುವಂತೆ, ಹಳೆಯ ಸೀರೆಯಿಂದ ಕಟ್ಟಲಾಗಿತ್ತು. ಪಾದ ಮುಟ್ಟಿದೆ, ಬೆಚ್ಚಗಿತ್ತು. ಬಾಯಿ ಹಾಲು ಹುಡುಕುತ್ತಿತ್ತು.

"ಯಾರು ಕಟ್ಟಿದ್ದು?"

"ಯಾರು ಅಂದ್ರೆ? ನೀವೇ! ಅಜ್ಜಿ ಅತ್ಲಾಗೆ ಹೋದ್ರು, ನೀವ್ ಬಂದ್ರಿ. ಬೈದ್ರಿ ಬೇರೆ."

"ಏನಂತ ಬೈದೆ?"

"'ಏನೇ ತಾಯಿ, ಕೂಸನ್ನ ಒಗೆದು ಒಣಗಾಕಿದೀಯಾ?' ಅಂತ." ಅವಳು ನಕ್ಕಳು. "ಅಷ್ಟ್ ಬೇಗ ಮರ್ತೋಯ್ತಾ ಸಿಸ್ಟರ್?"

ನಾನು ಬಗ್ಗಿ ಸೀರೆಯ ಗಂಟು ನೋಡಿದೆ. ಆ ಬೈಗುಳ ನನ್ನದಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಗಿರಿಜಮ್ಮನದು. ಬಿನ್ನಿಪೇಟೆಯ ವಠಾರಗಳಲ್ಲಿ ಬಾಣಂತಿಯರು ಅವರಿಂದ ಬೈಸಿಕೊಳ್ಳಲೆಂದೇ ಕಾಯುತ್ತಿದ್ದರು. ಕಟ್ಟಿದ ರೀತಿಯೂ ಅವರದೇ: ಗಂಟು ಎಡ ಹೆಗಲ ಹಿಂದೆ, ತುದಿ ಒಳಕ್ಕೆ ಮಡಚಿ, ಕೂಸಿನ ಕೆನ್ನೆಗೆ ಒತ್ತದಂತೆ. ನಾನು ಗಂಟನ್ನು ಬೆನ್ನಿಗೆ ಹಾಕುತ್ತಿದ್ದೆ, ಅದಕ್ಕೂ ಬೈಸಿಕೊಂಡಿದ್ದೆ. ಗಿರಿಜಮ್ಮ ತೀರಿಕೊಂಡದ್ದು ಅದರ ಹಿಂದಿನ ವರ್ಷ.

ಮಂಜುಳಾಗೆ ಜ್ವರವಿದೆಯೇ ನೋಡಿದೆ. ಇರಲಿಲ್ಲ. ಅಜ್ಜಿಯನ್ನು ಕೇಳಿದರೆ, "ನಾನ್ಯಾಕ್ ಹಂಗ್ ಕಟ್ಲಿ? ಕೂಸಿಗೆ ಉಸಿರಾಡಕ್ ಬೇಡ್ವಾ?" ಎಂದು ನನಗೇ ಗದರಿದರು. ನಾನಂತೂ ಆ ಹೊತ್ತಿಗೆ ಸುಂಕದಕಟ್ಟೆಯ ಶಾಲೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದೆ. ಅಲ್ಲಿಯ ಮೇಷ್ಟ್ರು ಪಕ್ಕದಲ್ಲೇ ಇದ್ದರು.

ಆ ಕೂಸು ಈಗ ಕಾಲೇಜು ಮುಗಿಸಿದ್ದಾಳೆ. ಹಬ್ಬಕ್ಕೆ ತಾಯಿ ಮಗಳು ವಿಜಯನಗರದ ನಮ್ಮ ಮನೆಗೆ ಬರುತ್ತಾರೆ. ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟುತ್ತಾಳೆ.

"ನಾನಲ್ಲ ಕಣೇ," ಎಂದು ಪ್ರತಿ ಸಲವೂ ಹೇಳುತ್ತೇನೆ.

"ಸುಮ್ನಿರಿ ಸಿಸ್ಟರ್," ಎನ್ನುತ್ತಾಳೆ ಮಂಜುಳಾ, "ನಿಮ್ ಮುಖ ನಂಗ್ ಗೊತ್ತಾಗಲ್ವಾ?"

ಆ ನಮಸ್ಕಾರವನ್ನು ತೆಗೆದುಕೊಳ್ಳುತ್ತೇನೆ. ಎಲ್ಲಿಗೆ ತಲುಪಿಸಬೇಕೆಂದು ಮಾತ್ರ ಇಂದಿಗೂ ತಿಳಿದಿಲ್ಲ.